ಬನ್ನಮ್ಮನ ಇವತ್ತಿನದು

ನಮ್ಮತ್ತೆಯನ್ನು ಬೇಕರಿಯಲ್ಲಿ ಎಲ್ಲರೂ ಕರೆಯುವುದು ಬನ್ನಮ್ಮ ಎಂದು. ಹೆತ್ತವರು ಇಟ್ಟ ಹೆಸರೊಂದು ಇದೆ, ಅದು ಸರ್ಕಾರಿ ಕಾಗದಗಳಲ್ಲಿ ಬೆಚ್ಚಗೆ ಮಲಗಿದೆ. ಅವರು ಬನ್ನಿಗೆ ಉಂಡೆ ಕಟ್ಟುವುದನ್ನು ಒಮ್ಮೆ ನೋಡಿದವರಿಗೆ ಈ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಅಂಗೈ ಕೆಳಗೆ ಎರಡು ಉಂಡೆ, ಮೇಜಿನ ಮೇಲೆ ಒಂದೆರಡು ಸುತ್ತು, ಅಷ್ಟೇ. ಟ್ರೇಗೆ ಬಿದ್ದ ಮೇಲೆ ಯಾವುದು ಬಲಗೈಯದು, ಯಾವುದು ಎಡಗೈಯದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ದೇವರಿಗೆ ಗೊತ್ತಾಗುವುದಿಲ್ಲ ಎಂದರೆ ಅತ್ತೆಗೆ ಸಿಟ್ಟು ಬರುತ್ತದೆ, ಹಾಗಾಗಿ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ.

ನಾನು ಅವರ ಸೊಸೆ. ಅದೇ ಬೇಕರಿಯಲ್ಲಿ ಬ್ರೆಡ್ಡು ಪ್ಯಾಕ್ ಮಾಡುತ್ತೇನೆ. ನನ್ನ ಗಂಡ ಅಲ್ಲೇ ಹಿಟ್ಟು ಕಲಸುವ ಮಷೀನಿನ ಮೇಲೆ ಕೆಲಸ ಮಾಡುವವರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ; ಅತ್ತೆಯನ್ನು ಹೊಗಳುತ್ತಾ ಕೂರುವುದು ನನ್ನ ಜಾಯಮಾನವಲ್ಲ. ಈಗ ಹೊಗಳುತ್ತಿದ್ದೇನೆ ಎಂದರೆ ಅದಕ್ಕೆ ಕಾರಣವಿದೆ.

ದೇವರ ವಿಷಯದಲ್ಲಿ ಅತ್ತೆಯದು ಬೇರೆಯದೇ ಪದ್ಧತಿ. ಅವರು ದೇವರ ಹತ್ತಿರ ಏನನ್ನೂ ಕೇಳುವುದಿಲ್ಲ. ಸಿಕ್ಕಿದ್ದಕ್ಕೆ ಉಪಕಾರ ಹೇಳುತ್ತಾರೆ, ಅದೂ ದಿನಾ, ಬಾಯಿ ಬಿಟ್ಟು, ನಾಲ್ಕು ಜನರಿಗೆ ಕೇಳುವ ಹಾಗೆ. ನಮ್ಮ ಮನೆಯಲ್ಲಿ ಅದಕ್ಕೆ ‘ಇವತ್ತಿನದು’ ಎಂದೇ ಹೆಸರು. ಅದು ಅವತ್ತು ನಡೆದದ್ದೇ ಆಗಿರಬೇಕು. ನಿನ್ನೆಯದನ್ನು ಬಿಸಿ ಮಾಡಿ ಬಡಿಸುವ ಹಾಗಿಲ್ಲ. ಆಯಸ್ಸು, ಆರೋಗ್ಯ, ನೆಮ್ಮದಿ ಎಂದೆಲ್ಲ ದೊಡ್ಡ ಮಾತು ತೆಗೆದರೆ ಅತ್ತೆ ಕೈ ಅಡ್ಡ ಹಿಡಿಯುತ್ತಾರೆ. ಇಂಥದ್ದು ಎಂದು ಬೆರಳಿಟ್ಟು ತೋರಿಸಬೇಕು. ಆ ಉಪಕಾರ ಯಾವುದಾದರೂ ಮನುಷ್ಯರ ಕೈಯಿಂದ ಬಂದದ್ದಾಗಿದ್ದರೆ ಅವರಿಗೂ ಹೋಗಿ ಹೇಳಬೇಕು. ಅವರಿಗೆ ಹೇಳದೆ ದೇವರಿಗೆ ಮಾತ್ರ ಹೇಳುವುದು ಅತ್ತೆಯ ಪ್ರಕಾರ ಅರ್ಧ ಬೆಂದ ಬ್ರೆಡ್ಡು.

ನಾನು ಈ ಮನೆಗೆ ಬಂದ ಹೊಸದರಲ್ಲಿ, ಮೊದಲ ದಿನ ಊಟಕ್ಕೆ ಕೂತಾಗ, ಎಲ್ಲರೂ ತಟ್ಟೆ ಮುಟ್ಟದೆ ನನ್ನ ಮುಖ ನೋಡಿದರು. ನಾನೇನು ತಪ್ಪು ಮಾಡಿದೆನೋ ಎಂದುಕೊಂಡೆ.

“ನಿನ್ನ ಇವತ್ತಿನದು ಏನಮ್ಮ?” ಎಂದರು ಅತ್ತೆ.

ವಿಷಯ ಏನೆಂದು ಗಂಡ ಪಿಸುಮಾತಿನಲ್ಲಿ ಹೇಳಿಕೊಟ್ಟರು. ನನಗೆ ಅವತ್ತು ಬೆಳಗಿನಿಂದ ಕಾಲುನೋವು, ತಲೆನೋವು. “ನಂದೇನೂ ಇಲ್ಲ ಅತ್ತೆ” ಎಂದೆ.

“ಏನೂ ಇಲ್ಲದ ದಿನ ಇರಲ್ಲ ಕಣಮ್ಮ. ಹುಡುಕು. ಬೇಗ ಹುಡುಕು, ಊಟ ಆರಿ ಹೋಗುತ್ತೆ.”

“ಹೊಸ ಚಪ್ಪಲಿ ಕಚ್ಚಿದೆ. ಆದ್ರೆ ಒಂದೇ ಕಾಲಿಗೆ ಕಚ್ಚಿದೆ” ಎಂದೆ, ಮುಖ ಊದಿಸಿಕೊಂಡು.

ಅತ್ತೆ ನಕ್ಕ ನಗೆಗೆ ನೀರಿನ ಲೋಟ ಉರುಳಿತು. “ಇದು ನೋಡು, ಸರಿಯಾದ ಇವತ್ತಿನದು” ಎಂದು ನನಗೇ ಮೊದಲು ಬಡಿಸಿದರು. ಆಮೇಲೆ ನನಗೂ ಅಭ್ಯಾಸವಾಯಿತು. ಮಗಳು ಹುಟ್ಟಿ ಮಾತು ಕಲಿತ ಮೇಲೆ ಅವಳದೂ ಸೇರಿಕೊಂಡಿತು. ಒಂದು ದಿನ ಅವಳು, “ಟೀಚರ್‌ಗೆ ಜ್ವರ, ಲೆಕ್ಕದ ಪರೀಕ್ಷೆ ನಡೀಲಿಲ್ಲ” ಎಂದು ದೇವರಿಗೆ ಉಪಕಾರ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಅದೂ ನಡೆಯುತ್ತದೆ, ಆದರೆ ಟೀಚರ್ ಬಂದ ದಿನ ಹೋಗಿ ಜ್ವರ ಹೇಗಿದೆ ಎಂದು ಕೇಳಬೇಕು ಎಂದು ತೀರ್ಪು ಕೊಟ್ಟರು. ಹುಡುಗಿ ಮುಖ ಸಣ್ಣ ಮಾಡಿಕೊಂಡೇ ಹೋಗಿ ಕೇಳಿ ಬಂದಳು.

ಬೇಕರಿಯಲ್ಲೂ ಇದು ನಡೆದುಕೊಂಡು ಬಂದಿತ್ತು. ಬೆಳಗಿನ ಮೊದಲ ಹಿಟ್ಟು ಕಲಸುವ ಮುಂಚೆ ಅತ್ತೆ ತಮ್ಮ ಮೇಜಿನ ಪಕ್ಕ ನಿಂತು ಕಣ್ಣು ಮುಚ್ಚುತ್ತಿದ್ದರು. ಓವನ್ ಹತ್ತಿರ ಇರುವವನು ಸಲಿಕೆ ಕೆಳಗಿಡುತ್ತಿದ್ದ, ನಾನು ಪ್ಯಾಕಿಂಗ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯೀಸ್ಟ್ ಚೆನ್ನಾಗಿ ಉಬ್ಬಿದ್ದು, ನಲ್ಲಿಯಲ್ಲಿ ನೀರು ಬಂದದ್ದು, ಹಾಲಿನವನ ಮಗಳು ಪಾಸಾದದ್ದು, ಹೀಗೆ ಅತ್ತೆ ಹೇಳುತ್ತಾ ಹೋಗುತ್ತಿದ್ದರು. ಕೊನೆಗೆ “ಕೊಟ್ಟದ್ದು ಕಂಡಿದೆ ಸ್ವಾಮಿ, ಕೆಲಸಕ್ಕೆ ಇಳೀತೀವಿ” ಎಂದು ಮುಗಿಸುತ್ತಿದ್ದರು.

ಮಷೀನಿನ ಸ್ವಿಚ್ಚು ಇದ್ದದ್ದು ಮಷೀನಿನ ಹತ್ತಿರ ಅಲ್ಲ, ಆಚೆ ಗೋಡೆಯಲ್ಲಿ, ಮೈದಾ ಚೀಲಗಳ ಅಟ್ಟಿಯ ಹಿಂದೆ. ಅದನ್ನು ಹಾಕುತ್ತಿದ್ದವನು ನಿಧಾನಣ್ಣ. ಅವಸರ ಎಂಬುದೇ ಗೊತ್ತಿಲ್ಲದ ಮನುಷ್ಯ. ಅವನಿಗೆ ಬೇಕರಿಯವರು ಇಟ್ಟ ಹೆಸರು ಅದು. ಚೀಲಗಳ ಹಿಂದೆ ನಿಂತರೆ ಅವನಿಗೆ ಮಷೀನು ಕಾಣುತ್ತಿರಲಿಲ್ಲ. ಅತ್ತೆಯ “ಕೆಲಸಕ್ಕೆ ಇಳೀತೀವಿ” ಕಿವಿಗೆ ಬಿದ್ದ ಕೂಡಲೇ ಸ್ವಿಚ್ಚು ಹಾಕುತ್ತಿದ್ದ. ಹಾಗೆ ಮಾಡು ಎಂದು ಯಾರೂ ಹೇಳಿದ್ದಲ್ಲ. ವರ್ಷಗಳು ಉರುಳುತ್ತಾ ಅದೇ ಗುರುತಾಗಿಬಿಟ್ಟಿತ್ತು. ಈ ಕಡೆ ನನ್ನ ಗಂಡನಿಗೂ ಒಂದು ಅಭ್ಯಾಸ ಬೆಳೆದಿತ್ತು. ಅಮ್ಮ ಉಪಕಾರ ಹೇಳುವಷ್ಟು ಹೊತ್ತಿನಲ್ಲಿ ಅವರು ಮಷೀನಿನ ಹಂಡೆಯೊಳಗೆ ಕೈ ಹಾಕಿ, ಹಿಟ್ಟು ತಿರುವುವ ಕೊಕ್ಕೆಗೆ ಅಂಟಿ ಒಣಗಿದ ಹಿಂದಿನ ದಿನದ ಹಿಟ್ಟನ್ನು ಕೆರೆದು ತೆಗೆಯುತ್ತಿದ್ದರು. ಅಮ್ಮನ ಮಾತು ಎಲ್ಲಿಗೆ ಬಂದಾಗ ಕೈ ತೆಗೆಯಬೇಕು ಎಂಬುದು ಅವರಿಗೆ ನಿದ್ದೆಯಲ್ಲೂ ಗೊತ್ತಿತ್ತು.

ಒಂದು ದಿನ ಆಸ್ಪತ್ರೆಯೊಂದರ ದೊಡ್ಡ ಆರ್ಡರ್ ಇತ್ತು. ಬೇಕರಿಯ ಸಾಹುಕಾರರು ಬೆಳಿಗ್ಗೆಯೇ ಬಂದು, “ಬನ್ನಮ್ಮ, ಇವತ್ತೊಂದು ದಿನ ಸ್ವಲ್ಪ ಚಿಕ್ಕದಾಗಿ ಮುಗಿಸ್ತೀರಾ?” ಎಂದು ನಯವಾಗಿಯೇ ಕೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅತ್ತೆ ಕಣ್ಣು ಮುಚ್ಚಿದರು, ಬಿಸಿಲು ಬಂದದ್ದಕ್ಕೆ ಒಂದು ಮಾತು ಹೇಳಿದರು, “ಕೆಲಸಕ್ಕೆ ಇಳೀತೀವಿ” ಎಂದು ಮುಗಿಸಿಬಿಟ್ಟರು. ದಿನದ ಲೆಕ್ಕದಲ್ಲೇ ಇದ್ದ ನನ್ನ ಗಂಡನ ಕೈ ಇನ್ನೂ ಹಂಡೆಯೊಳಗಿತ್ತು. ನಿಧಾನಣ್ಣ ಸ್ವಿಚ್ಚು ಹಾಕಿದ.

ಗಂಡನ ಕೂಗು ನನಗೆ ಈಗಲೂ ಕೇಳುತ್ತದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೂಗು ಕೇಳಿದ್ದೇ ನಿಧಾನಣ್ಣ ಸ್ವಿಚ್ಚು ತೆಗೆದ. ಜನ್ಮದಲ್ಲಿ ಒಂದು ಕೆಲಸವನ್ನು ಅವನು ಬೇಗ ಮಾಡಿದ್ದರೆ ಅದೊಂದೇ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಹೋದವು. ಉಳಿದ ಬೆರಳುಗಳೂ ಜಜ್ಜಿದ್ದವು.

“ಮಿಕ್ಕ ಮೂರು ಬೆರಳು ಉಳ್ಸಿದ್ದೀವಿ” ಎಂದರು ಡಾಕ್ಟರು, ಆಪರೇಷನ್ ಮುಗಿಸಿ ಬಂದು. “ಆದ್ರೆ ಮಡಚೋಕೆ ಬರುತ್ತಾ, ಕೆಲಸಕ್ಕೆ ಬರುತ್ತಾ, ಅದನ್ನ ಈಗ್ಲೇ ಹೇಳೋಕಾಗಲ್ಲ. ಕಾದು ನೋಡ್ಬೇಕು.”

ಹಿಟ್ಟು ಕಲಸುವವನಿಗೆ ಬಲಗೈ ಇಲ್ಲದಿದ್ದರೆ ಏನು ಉಳಿಯುತ್ತದೆ? ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ನನ್ನ ಪಕ್ಕದಲ್ಲಿ ಕೂತಿದ್ದರು. ಕೂದಲಲ್ಲಿ ಇನ್ನೂ ಮೈದಾ ಇತ್ತು. ನಾನು ಅವರ ಕಡೆ ತಿರುಗಿದೆ.

“ಒಂದ್ಸಲ ಕೇಳಿ ಅತ್ತೆ. ಇಷ್ಟು ವರ್ಷದಲ್ಲಿ ಒಂದೂ ಕೇಳಿಲ್ಲ ನೀವು. ನಿಮ್ಮ ಮಾತು ತೆಗೆದು ಹಾಕಲ್ಲ ದೇವರು. ಕೈ ಸರಿ ಮಾಡು ಅಂತ ಒಂದೇ ಒಂದು ಸಲ ಕೇಳಿ.”

“ನಂಗೆ ಬರಲ್ಲ ಕಣಮ್ಮ” ಎಂದರು. “ಈಗ ಕೇಳಿದ್ರೆ, ಇಷ್ಟು ವರ್ಷ ಹೇಳಿದ್ದೆಲ್ಲ ಇದಕ್ಕೇ ಮುಂಗಡ ಕೊಟ್ಟಿಟ್ಟ ಹಾಗಾಗುತ್ತೆ. ನೀನು ಕೇಳು. ಕೇಳೋದು ತಪ್ಪಲ್ಲ. ನಂಗೆ ಬರಲ್ಲ, ಅಷ್ಟೇ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥಾ ಹೊತ್ತಿನಲ್ಲೂ ಹಟವೇ ಎಂದುಕೊಂಡೆ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು ನನಗೆ ಬಂದ ಹಾಗೆ ದೇವರನ್ನು ಕೇಳಿಕೊಂಡೆ, ಅರ್ಧ ಬೇಡಿಕೆ, ಅರ್ಧ ಜಗಳ.

ಆದರೆ ಅತ್ತೆಯದು ಹಟವಾಗಿರಲಿಲ್ಲ ಎಂದು ಅವತ್ತು ಸಂಜೆಯೇ ಗೊತ್ತಾಯಿತು. ಮಗಳಿಗೆ ಊಟ ಹಾಕಲು ಇಬ್ಬರೂ ಮನೆಗೆ ಬಂದಿದ್ದೆವು. ಹುಡುಗಿ ಅಭ್ಯಾಸದಂತೆ, “ಅಜ್ಜಿ, ನಿನ್ನ ಇವತ್ತಿನದು?” ಎಂದಳು.

“ನಂದು ಇಲ್ಲ ಮಗು.”

“ಏನೂ ಇಲ್ಲದ ದಿನ ಇರಲ್ಲ ಅಂತ ನೀನೇ ಹೇಳ್ತೀಯಲ್ಲ.”

ಅತ್ತೆ ತಟ್ಟೆ ಸರಿಸಿ ಎದ್ದು ಹೋದರು. ಮರುದಿನವೂ ಅವರ ಬಾಯಿಂದ ಇವತ್ತಿನದು ಬರಲಿಲ್ಲ. ಆಮೇಲಿನ ದಿನಗಳಲ್ಲೂ ಬರಲಿಲ್ಲ. ಆಸ್ಪತ್ರೆಗೆ ಹೋಗುತ್ತಿದ್ದರು, ಮಗನಿಗೆ ತಿನ್ನಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಕೇಳಿದ್ದಕ್ಕೆ ಹೂಂ ಉಹೂಂ ಎನ್ನುತ್ತಿದ್ದರು. ದಿನಾ ಕೇಳಿ ಕೇಳಿ ನಾನು ಒಳಗೊಳಗೇ ನಗುತ್ತಿದ್ದ ಆ ಮಾತುಗಳು ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಸೊಸೆಗೆ ಅತ್ತೆಯ ಬಾಯಿ ಮುಚ್ಚಿದ್ದು ಬೇಸರವಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ನನಗೆ ನಿಜವಾಗಿ ಭಯವಾಯಿತು.

ಇತ್ತ ಬೇಕರಿಯಲ್ಲಿ ನಿಧಾನಣ್ಣನ ಮೇಲೆ ಎಲ್ಲರೂ ಹರಿಹಾಯುತ್ತಿದ್ದರು. ನೋಡದೆ ಹೇಗೆ ಸ್ವಿಚ್ಚು ಹಾಕಿದ, ಅವನನ್ನು ಇಟ್ಟುಕೊಳ್ಳಬಾರದು ಎಂದು ಓವನ್ನಿನವನು ಹೇಳಿದ. ಸಾಹುಕಾರರೂ ಹೌದು ಎಂದರು. ಅವರು ತೆಗೆಯುವ ಮೊದಲೇ ನಿಧಾನಣ್ಣ ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದ. ಕೇಳಿ ನನಗೆ ಸಮಾಧಾನವೇ ಆಯಿತು. ಯಾರ ಮೇಲಾದರೂ ಸಿಟ್ಟು ಇಳಿಸಬೇಕಿತ್ತು, ಅವನು ಸಿಕ್ಕಿದ್ದ.

ಗಂಡ ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ಕೈಯನ್ನು ಸದಾ ಹೊದಿಕೆಯ ಕೆಳಗೇ ಇಟ್ಟುಕೊಂಡಿರುತ್ತಿದ್ದರು. ನೋಡಲು ಬಂದವರಿಗೆ ಎಡಗೈ ಮಾತ್ರ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅವರು ತಾಯಿಯನ್ನು ಹತ್ತಿರ ಕರೆದರು.

“ನೀನು ಇವತ್ತಿನದು ಹೇಳ್ತಿಲ್ವಂತೆ. ಮಗಳು ಹೇಳಿದ್ಳು.”

“ಯಾವ ಬಾಯಲ್ಲಿ ಹೇಳ್ಲಿ ಮಗನೇ? ನಿನ್ನ ಕೈ ತಿಂದದ್ದು ನನ್ನ ಪ್ರಾರ್ಥನೆ. ಅವನು ಸ್ವಿಚ್ಚು ಹಾಕಿದ್ದು ನನ್ನ ಮಾತು ಕೇಳಿ. ನೀನು ಕೈ ಇಟ್ಟಿದ್ದು ನನ್ನ ಮಾತು ನಂಬಿ.”

ನನಗೆ ಆಗ ತಿಳಿಯಿತು. ಇಷ್ಟು ದಿನ ನಾವೆಲ್ಲ ನಿಧಾನಣ್ಣನನ್ನು ಬೈಯುತ್ತಿದ್ದಾಗ, ಅತ್ತೆ ಒಬ್ಬರೇ ಕೂತು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು.

ಗಂಡ ಎಡಗೈಯಿಂದ ತಾಯಿಯ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು. “ಹಾಗಾದ್ರೆ ನಾನೇ ಒಂದು ಹೇಳ್ತೀನಿ. ಇವತ್ತು ಡಾಕ್ಟ್ರು ಹೇಳಿದ್ರು, ಮಷೀನು ಇನ್ನೊಂದು ಸುತ್ತು ತಿರುಗಿದ್ರೆ ತೋಳೇ ಹೋಗ್ತಿತ್ತಂತೆ. ಆ ಅಣ್ಣ ನಿಲ್ಸಿದ. ಅದು ನಂಗೆ ಇವತ್ತು ಗೊತ್ತಾಗಿದ್ದು, ಹಾಗಾಗಿ ಇವತ್ತಿನದೇ. ಅವನಿಗೆ ಹೇಳ್ಬೇಕು. ನಂಗೆ ಎದ್ದು ಹೋಗೋಕಾಗಲ್ಲ. ನೀನು ಹೋಗಿ ಹೇಳ್ಬಾ ಅಮ್ಮ.”

ಅತ್ತೆ ಎದ್ದರು. ನನ್ನನ್ನು ಬಾ ಎಂದೂ ಕರೆಯಲಿಲ್ಲ. ನಾನೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ. ನಿಧಾನಣ್ಣನಿಗೆ ಸಮಾಧಾನ ಹೇಳಲು ಹೊರಟಿದ್ದೆ ಎಂದಲ್ಲ. ಅವನ ಮುಖ ನೋಡಿದ ಮೇಲೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿರಲಿಲ್ಲ.

ನಿಧಾನಣ್ಣನ ಮನೆ ಬೇಕರಿಯ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಒಂದು ರೂಮು. ಬಾಗಿಲು ತೆಗೆದ ಅವನ ಹೆಂಡತಿ ನಮ್ಮಿಬ್ಬರನ್ನು ಕಂಡದ್ದೇ ಬಾಗಿಲಿಗೆ ಅಡ್ಡ ನಿಂತಳು.

“ಅವ್ರು ಊಟ ಬಿಟ್ಟು ಎಷ್ಟು ದಿನ ಆಯ್ತೋ” ಎಂದಳು. “ಬೈಯೋದಿದ್ರೆ ನಂಗೇ ಬೈದ್ಬಿಡಿ.”

“ಬೈಯೋಕೆ ಬಂದಿಲ್ಲಮ್ಮ. ದಾರಿ ಬಿಡು” ಎಂದರು ಅತ್ತೆ.

ಅವನು ಮಂಚದ ತುದಿಯಲ್ಲಿ ಕೂತಿದ್ದ. ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದ. ಅತ್ತೆ ಅವನ ಎದುರು ನೆಲದ ಮೇಲೆಯೇ ಕೂತರು.

“ನನ್ನ ಮಗ ಹೇಳಿ ಕಳ್ಸಿದ್ದಾನೆ. ನೀನು ಮಷೀನು ನಿಲ್ಸಿದ್ದಕ್ಕೆ ಅವನ ತೋಳು ಉಳೀತಂತೆ. ಅದಕ್ಕೆ ನಿಂಗೆ ಉಪಕಾರ ಹೇಳೋಕೆ ಬಂದೆ. ನಿನ್ನ ಕೈ ಕೊಡು ಇಲ್ಲಿ.”

“ಬೇಡ ಬನ್ನಮ್ಮ. ಹಾಕಿದ್ದೂ ಇದೇ ಕೈ.”

“ಹಾಕ್ಸಿದ್ದು ನನ್ನ ಬಾಯಿ ಕಣಪ್ಪ. ನಿಲ್ಸಿದ್ದು ಮಾತ್ರ ನಿಂದೇ ಕೈ. ಅದನ್ನ ನಿಂಗೆ ಯಾರೂ ಹೇಳ್ಕೊಟ್ಟಿರಲಿಲ್ಲ.”

ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅತ್ತುಬಿಟ್ಟ. ಅತ್ತೆ ಅವನ ಕೈ ಎಳೆದು ತಮ್ಮ ಎರಡೂ ಅಂಗೈ ನಡುವೆ ಹಿಡಿದುಕೊಂಡರು. ನಾನು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಒಲೆಯ ಹತ್ತಿರ ಹೋಗಿ ಅವನ ಹೆಂಡತಿಯ ಜೊತೆ ಟೀಗೆ ನೀರಿಟ್ಟೆ. ಬೈಯಲು ನನಗೆ ಏನೂ ಉಳಿದಿರಲಿಲ್ಲ.

ಅಲ್ಲಿಂದ ಅತ್ತೆ ನೇರವಾಗಿ ಬೇಕರಿಗೆ ನಡೆದರು. ಸಾಹುಕಾರರು ಕೌಂಟರಿನಲ್ಲಿದ್ದರು. ಅತ್ತೆ ಅವರನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದವರು. ಆದರೂ ಒಂದು ದಿನವೂ ಅದರ ಸಲಿಗೆ ತೋರಿಸಿದವರಲ್ಲ.

“ನಿಧಾನಣ್ಣ ನಾಳೆಯಿಂದ ಕೆಲಸಕ್ಕೆ ಬರ್ತಾನೆ” ಎಂದರು. “ಸ್ವಿಚ್ಚನ್ನ ಗೋಡೆಯಿಂದ ತೆಗ್ಸಿ ಮಷೀನಿನ ಪಕ್ಕಕ್ಕೆ ಹಾಕ್ಸಿ. ಹಂಡೆಗೊಂದು ಮುಚ್ಚಳ ಮಾಡ್ಸಿ, ಅದು ಮುಚ್ಚದೆ ಮಷೀನು ತಿರುಗಬಾರ್ದು.”

“ಬನ್ನಮ್ಮ, ಅವನನ್ನ ಮತ್ತೆ ಹೇಗೆ ಕರ್ಸೋದು, ಎಲ್ಲರೂ ಬೇಡ ಅಂತಿದ್ದಾರೆ. ಮುಚ್ಚಳದ್ದು ಮುಂದೆ ನೋಡೋಣ. ನೀವು ಯಾವತ್ತೂ ಏನೂ ಕೇಳಿದವರಲ್ಲ, ಈಗ ಒಂದೇ ಸಲ ಇಷ್ಟೆಲ್ಲ ಕೇಳಿದ್ರೆ...”

“ದೇವರ ಹತ್ರ ನಾನು ಏನೂ ಕೇಳಲ್ಲ. ಅದಕ್ಕೇ ಕೇಳೋದೆಲ್ಲ ಮನುಷ್ಯರ ಹತ್ರಾನೇ ಕೇಳ್ಬೇಕು. ಕೊಡೋವರೆಗೂ ಇಲ್ಲೇ ನಿಂತಿರ್ತೀನಿ.”

ನಿಂತೇ ಇದ್ದರು. ಗಿರಾಕಿಗಳು ಬಂದರು, ಬ್ರೆಡ್ಡು ತೆಗೆದುಕೊಂಡರು, ಅವರನ್ನು ಬಳಸಿಕೊಂಡು ಹೋದರು. ಒಳಗಿನವರೆಲ್ಲ ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಆಗ ಅತ್ತೆ ಅವರ ಕಡೆ ತಿರುಗಿ, ಆ ದಿನ ಏನು ನಡೆಯಿತು, ತಮ್ಮ ಮಾತಿಗೆ ಸ್ವಿಚ್ಚು ಹೇಗೆ ಗಂಟುಬಿತ್ತು ಎಂಬುದನ್ನು ಒಂದೂ ಮುಚ್ಚಿಡದೆ ಹೇಳಿದರು. ಓವನ್ನಿನವನು ತಲೆ ತಗ್ಗಿಸಿದ. ನನಗೆ ಆ ಹೊತ್ತಿನಲ್ಲಿ ಎಷ್ಟು ಹೆಮ್ಮೆಯಾಯಿತು ಎಂದರೆ, ಇವರು ನನ್ನ ಅತ್ತೆ ಎಂದು ಬೀದಿಯಲ್ಲಿ ನಿಂತು ಕೂಗಬೇಕು ಎನ್ನಿಸಿತು. ಸಾಹುಕಾರರು ಕೊನೆಗೆ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರು.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಗಳು ಕೇಳಲು ಹೆದರಿ ನನ್ನ ಮುಖ ನೋಡಿದಳು. ಅತ್ತೆಯೇ ಶುರುಮಾಡಿದರು. ನಿಧಾನಣ್ಣ ಒಂದು ತುತ್ತು ಊಟ ಮಾಡಿದ್ದಕ್ಕೆ ದೇವರಿಗೆ ಉಪಕಾರ ಹೇಳಿದರು. ಅವನ ಹೆಂಡತಿ ಬಂದು ಹೇಳಿ ಹೋಗಿದ್ದಳಂತೆ.

ಮುಂದಿನ ವಾರಗಳು ಸುಲಭವಾಗಿರಲಿಲ್ಲ. ಗಂಡ ಮನೆಗೆ ಬಂದರು. ಡಾಕ್ಟರು ರಬ್ಬರಿನ ಚೆಂಡು ಕೊಟ್ಟು ದಿನಾ ಹಿಸುಕಬೇಕು ಎಂದಿದ್ದರು. ಅತ್ತೆ ಬೇಕರಿಯಿಂದ ಹಿಟ್ಟಿನ ಉಂಡೆಯೂ ತಂದು ಕೊಡುತ್ತಿದ್ದರು, ಚೆಂಡಿನ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಮೊದಮೊದಲು ಬೆರಳು ಹಿಟ್ಟಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಒಂದು ದಿನ ತೋರುಬೆರಳಿನ ಗುರುತು ಬಿತ್ತು. ಆ ಉಂಡೆಯನ್ನು ಅತ್ತೆ ಓಣಿಯ ತುಂಬ ತೋರಿಸಿಕೊಂಡು ಬಂದರು. ನಿಧಾನವಾಗಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರೂ ಮಡಚಿದವು, ಹಿಡಿದವು. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ಆದರೆ ಗಂಡ ಹೊರಡಲಿಲ್ಲ. ಮನೆಯಲ್ಲಿ ಕೈ ಮುಚ್ಚಿಡದೆ ಇರುತ್ತಿದ್ದವರು ಬಾಗಿಲ ಹೊರಗೆ ಕಾಲಿಟ್ಟರೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಚಿಲ್ಲರೆಯನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಮಗಳ ಶಾಲೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಬೆರಳು ಕೆಲಸಕ್ಕೆ ಬಂದಿತ್ತು, ಮನುಷ್ಯ ಬಂದಿರಲಿಲ್ಲ.

ಅತ್ತೆ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೇಕರಿಯಲ್ಲಿ ಅಷ್ಟರಲ್ಲಿ ಅವರು ಹೊಸ ಪದ್ಧತಿ ತಂದಿದ್ದರು. ಮಷೀನು ಹಾಕುವ ಮುಂಚೆ ಆ ಕೋಣೆಯಲ್ಲಿದ್ದವರೆಲ್ಲ ಎರಡೂ ಕೈ ಮೇಲೆತ್ತಿ ತೋರಿಸಬೇಕು. ಎಲ್ಲರ ಕೈಯನ್ನೂ ಕಣ್ಣಾರೆ ನೋಡಿದ ಮೇಲೇ ನಿಧಾನಣ್ಣ ಸ್ವಿಚ್ಚು ಹಾಕಬೇಕು. ದೇವರಿಗೆ ಉಪಕಾರ ಹೇಳುವುದು ಮಷೀನು ನಿಂತು ಹಿಟ್ಟು ಹೊರಗೆ ಬಂದ ಮೇಲೆ. ಯಾಕೆ ಬದಲಾಯಿಸಿದಿರಿ ಎಂದು ಸಾಹುಕಾರರು ಕೇಳಿದ್ದಕ್ಕೆ, “ದೇವರು ಎಷ್ಟು ಹೊತ್ತಾದ್ರೂ ನಿಂತಿರ್ತಾನೆ, ಮಷೀನು ನಿಲ್ಲಲ್ಲ” ಎಂದಿದ್ದರು.

ಒಂದು ಬೆಳಿಗ್ಗೆ ಗಂಡ ಯಾರೂ ಹೇಳದೆ ಅಂಗಿ ತೊಟ್ಟು ನಮ್ಮ ಜೊತೆ ಹೊರಟರು. ಬೇಕರಿಯಲ್ಲಿ ಎಲ್ಲರೂ ಮಾತಾಡಿಸಿದರು. ಅವರು ಜೇಬಿನಿಂದ ಕೈ ತೆಗೆಯದೆ ಎಲ್ಲರಿಗೂ ಉತ್ತರ ಕೊಟ್ಟರು. ಹಂಡೆಗೆ ಮೈದಾ ಬಿತ್ತು, ನೀರು ಬಿತ್ತು, ಮುಚ್ಚಳ ಮುಚ್ಚಿದರು. ನಿಧಾನಣ್ಣ ಸ್ವಿಚ್ಚಿನ ಹತ್ತಿರ ಬಂದು ನಿಂತ. ಎಲ್ಲರೂ ಕೈ ಎತ್ತಿದರು. ನನ್ನ ಗಂಡ ಎಡಗೈ ಒಂದನ್ನೇ ಎತ್ತಿದರು.

ನಿಧಾನಣ್ಣ ಸ್ವಿಚ್ಚಿನ ಮೇಲೆ ಕೈ ಇಟ್ಟ. ಅವನು ಹಾಕಲಿಲ್ಲ. ನನ್ನ ಗಂಡನ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತಾ ನಿಂತ. ಅತ್ತೆ ಕೈ ಎತ್ತಿಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಮಗನ ಕಡೆ ತಿರುಗಲಿಲ್ಲ, ಬೇಗ ಎನ್ನಲಿಲ್ಲ.

ಗಂಡ ಬಲಗೈಯನ್ನು ಜೇಬಿನಿಂದ ತೆಗೆದರು. ಮೂರು ಬೆರಳಿನ ಆ ಕೈಯನ್ನು ಎಲ್ಲರಿಗಿಂತ ಮೇಲಕ್ಕೆ, ಬಲ್ಬಿನ ಬೆಳಕು ಬೀಳುವಷ್ಟು ಮೇಲಕ್ಕೆ ಎತ್ತಿದರು.

“ಅಣ್ಣ, ಇಲ್ನೋಡು” ಎಂದರು. “ಸರಿಯಾಗಿ ನೋಡು. ನೋಡಿದ್ಯಾ? ಹಾಕು ಈಗ.”

ನಿಧಾನಣ್ಣ ತಲೆಯೆತ್ತಿ ನೋಡಿದ. ಸ್ವಿಚ್ಚು ಹಾಕಿದ.

ಹಿಟ್ಟು ಹದವಾಗಿ ಹೊರಗೆ ಬಂದ ಮೇಲೆ ಮಷೀನು ನಿಂತಿತು. ಅತ್ತೆ ಕಣ್ಣು ಮುಚ್ಚಿದರು. ಯೀಸ್ಟು, ನೀರು, ಬಿಸಿಲು ಯಾವುದೂ ಅವತ್ತು ಬರಲಿಲ್ಲ. ಒಂದೇ ಒಂದು ಮಾತು ಹೇಳಿದರು.

“ಸ್ವಾಮಿ, ಇವತ್ತು ನನ್ನ ಮಗ ಕೈ ಬಚ್ಚಿಡಲಿಲ್ಲ.”

ಆಮೇಲೆ ಕಣ್ಣು ತೆರೆದು ಮಗನ ಹತ್ತಿರ ಹೋದರು, ಅದೇ ಮಾತನ್ನು ಅವರಿಗೂ ಹೇಳಲು.